ಮೋಆಬ್‌ಗೆ ಹೋಗುವವರಿಗೆ: ಆ ಕರಿ ಮಣ್ಣಿಗೆ ಜೀವವಿದೆ

ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಹೋದವರೆಲ್ಲ ಕಲ್ಲಿನ ಕಮಾನುಗಳ ಫೋಟೊ ತರುತ್ತಾರೆ. ಗಿಡಗಂಟಿಗಳ ನಡುವೆ ಸೀದ ದೋಸೆಯ ಚೂರು ಹರವಿದಂತಿರುವ ಗಂಟುಗಂಟು ಕರಿ ಮಣ್ಣನ್ನು ಯಾರೂ ನೋಡುವುದಿಲ್ಲ, ತುಳಿಯುತ್ತಾರೆ. ಅದು ಮರುಭೂಮಿಯ ಜೀವಂತ ಹಕ್ಕಳೆ.

ಇದನ್ನು ನೋಡಲು ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಐಲ್ಯಾಂಡ್ ಇನ್ ದ ಸ್ಕೈ ಭಾಗವೇ ವಾಸಿ. ಮೋಆಬ್‌ನಿಂದ ಸುಮಾರು 50 ಕಿ.ಮೀ., ಬಸ್ಸಿಲ್ಲ, ಕಾರು ಬೇಕು. ಅಲ್ಲಿನ ಮೇಸಾ ಆರ್ಚ್ ಎಂಬ ಕಲ್ಲಿನ ಕಮಾನಿನ ಸುತ್ತುದಾರಿ ಒಂದು ಕಿ.ಮೀ. ಅಷ್ಟೇ. ಸೂರ್ಯೋದಯಕ್ಕೆ ಮಾತ್ರ ಹೋಗಬೇಡಿ, ಟ್ರೈಪಾಡ್‌ಗಳ ಜಾತ್ರೆ.

ದಾರಿಯಂಚಿನಲ್ಲಿ ಮುರಿದು ಬಿದ್ದ ಚೂರಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಕೂದಲಿಗಿಂತ ತೆಳ್ಳಗಿನ ಎಳೆಗಳಿಗೆ ಮರಳಿನ ಕಾಳು ಜೋತುಬಿದ್ದಿರುತ್ತವೆ. ಇದು ಮೈಕ್ರೊಕೋಲಿಯಸ್ ಎಂಬ ಸಯನೊಬ್ಯಾಕ್ಟೀರಿಯಾದ (ಗಿಡಗಳಂತೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಕೆಲಸ. ತೇವ ಸಿಕ್ಕಾಗ ಮಣ್ಣೊಳಗೆ ಹರಿದಾಡಿ ಅಂಟು ಕವಚ ಬಿಟ್ಟು ಹೋಗುತ್ತದೆ. ಚಿಕ್ಕಿಯಲ್ಲಿ ಪಾಕ ಕಡಲೆಬೀಜವನ್ನು ಹಿಡಿದಂತೆ ಆ ಅಂಟು ಮರಳನ್ನು ಹಿಡಿಯುತ್ತದೆ. ಜೊತೆಗಿರುವ ಕೊಲೆಮಾ ಕಲ್ಲುಹೂವು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತದೆ. ಗೊಬ್ಬರ ಹಾಕುವವರಿಲ್ಲದ ಕಡೆ ಗಿಡಗಳಿಗೆ ಅದೇ ಆಸರೆ.

ಒಣಗಿದಾಗ ಇದು ಹಪ್ಪಳ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ. ಸಡಿಲವಾದ ಮರಳು ಗಾಳಿಗೆ ಹಾರಿ ಪಕ್ಕದ ಹಕ್ಕಳೆಯನ್ನೂ ಮುಚ್ಚುತ್ತದೆ, ಬೆಳಕಿಲ್ಲದೆ ಅದೂ ಸಾಯುತ್ತದೆ. ಎಳೆಗಳು ಕೆಲವು ವರ್ಷಗಳಲ್ಲಿ ಮರಳಬಹುದು; ಹಕ್ಕಳೆಯಲ್ಲೇ ಬೆಳೆಯುವ ಪಾಚಿ, ಕಲ್ಲುಹೂವಿಗೆ ದಶಕಗಳೇ ಬೇಕು. ಈ ಸೀಮೆಯ ದೂಳು ಕೊಲೊರಾಡೊದ ಸ್ಯಾನ್ ವಾನ್ ಬೆಟ್ಟಗಳ ಹಿಮದ ಮೇಲೆ ಕೂತು ಬಿಸಿಲು ಹೀರುವುದರಿಂದ ಹಿಮ ವಾರಗಟ್ಟಲೆ ಮುಂಚೆ ಕರಗುತ್ತದೆ.

ಕಾಲಿಡುವುದು ಬಂಡೆ, ಒಣ ಹಳ್ಳ, ಗುರುತಿನ ದಾರಿಯ ಮೇಲೆ ಮಾತ್ರ. ಎದುರು ಬಂದವರಿಗೆ ದಾರಿ ಬಿಡಲು ಪಕ್ಕಕ್ಕಿಳಿಯುವುದೇ ದೊಡ್ಡ ತಪ್ಪು. ಇದ್ದಲ್ಲೇ ನಿಂತು ಬಿಡಿ. ಕಪ್ಪಿಲ್ಲ ಎಂದು ಕೆಂಪು ಮರಳಿನ ಮೇಲೆ ನಡೆಯಲೂಬೇಡಿ, ಹೊಸದಾಗಿ ಬೆಳೆಯುತ್ತಿರುವ ಹಕ್ಕಳೆ ಮಣ್ಣಿನ ಬಣ್ಣದಲ್ಲೇ ಇರುತ್ತದೆ.

ಏಪ್ರಿಲ್, ಅಕ್ಟೋಬರ್ ವಾರಾಂತ್ಯಗಳಲ್ಲಿ ಮೋಆಬ್ ರೂಮಿನ ಬಾಡಿಗೆ ಸುಲಿಗೆಯೇ ಸರಿ. ಸುಮಾರು 80 ಕಿ.ಮೀ. ದೂರದ ಗ್ರೀನ್ ರಿವರ್ ಎಂಬ ಊರಿನಲ್ಲಿ ರೂಮು ನೋಡಿ. ಊಟಕ್ಕೆ ಪೇಟೆಯ ಫುಡ್ ಟ್ರಕ್‌ಗಳ ಬೀನ್ಸ್ ಬರಿಟೊ (ರೊಟ್ಟಿಯಲ್ಲಿ ಸುತ್ತಿದ ಬೀನ್ಸ್) ಸಾಕು: ಬಿಸಿ, ಖಾರ, ಒಂದರಲ್ಲೇ ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳು ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಎಂದು ಕೇಳಿಕೊಳ್ಳಿ.

ಪಾಚಿ ಹಸಿರಾಗುವುದನ್ನು ನೋಡಲು ಬಾಟಲಿ ನೀರು ಚಿಮುಕಿಸಬೇಡಿ. ಎಚ್ಚರಗೊಂಡ ಪಾಚಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ, ಮತ್ತೆ ಗಳಿಸುವ ಮೊದಲೇ ಒಣಗುತ್ತದೆ; ಬೇಸಿಗೆಯ ತುಂತುರು ಮಳೆಗೂ ಹೀಗೇ ಸಾಯುವುದುಂಟು. ಆ ಕಾಲುದಾರಿಗಳಲ್ಲಿ ನಲ್ಲಿಯೂ ಇಲ್ಲ, ನೀರು ನಿಮಗೇ ಬೇಕಾಗುತ್ತದೆ.