ಮಾನಿಟರಿನ ಗೆರೆ ನೇರವಾದ ಮೇಲೆ

ನಿನ್ನೆ ರಾತ್ರಿ ಮತ್ತೊಮ್ಮೆ ಸಾವಿನ ಸಮಯವನ್ನು ಕೇಸ್ ಶೀಟಿನಲ್ಲಿ ಬರೆದೆ. ಇಷ್ಟು ವರ್ಷಗಳ ನಂತರವೂ ಆ ಒಂದು ಸಾಲಿನ ಮುಂದೆ ಕೈ ಕ್ಷಣಕಾಲ ತಡೆಯುತ್ತದೆ. ಅದಕ್ಕಿಂತ ಕಷ್ಟವಾದುದು, ಹೊರಗೆ ಕಾದು ನಿಂತವರ ಬಳಿಗೆ ಹೋಗಿ ಸುತ್ತಿಬಳಸದೆ ವಿಷಯ ತಿಳಿಸುವುದು. ಮೃತರ ಮಗಳು ಅಳಲಿಲ್ಲ. "ಅಪ್ಪನಿಗೆ ಕೊನೆಯಲ್ಲಿ ಏನಾದರೂ ಕಾಣಿಸಿರಬಹುದೇ, ಡಾಕ್ಟರ್?" ಎಂದಷ್ಟೇ ಕೇಳಿದರು.

2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ, ಹೃದಯ ಸ್ತಂಭನದಿಂದ ಬದುಕುಳಿದ 344 ಮಂದಿಯ ಪೈಕಿ 62 ಮಂದಿ ಬೆಳಕು, ಸುರಂಗ, ಅಗಲಿದ ಬಂಧುಗಳ ಭೇಟಿ ಮುಂತಾದ ಅನುಭವಗಳಲ್ಲಿ ಒಂದಲ್ಲ ಒಂದನ್ನು ಹೇಳಿಕೊಂಡಿದ್ದರು. ಮಿದುಳಿಗೆ ಆಮ್ಲಜನಕ ಕಡಿಮೆಯಾದಾಗ ಹೀಗಾಗುತ್ತದೆ ಎಂಬ ವಿವರಣೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಅದೇ ಸ್ಥಿತಿಯನ್ನು ದಾಟಿ ಬಂದ ಉಳಿದ 282 ಮಂದಿಗೆ ಏನೂ ನೆನಪಿರಲಿಲ್ಲವೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೇಲಾಗಿ ಇವರೆಲ್ಲ ಮರಳಿ ಬಂದವರು. ಮರಳದವರ ಸಾಕ್ಷ್ಯ ಯಾರ ಬಳಿಯೂ ಇಲ್ಲ.

ಇದನ್ನೆಲ್ಲ ಆ ಮಗಳಿಗೆ ಹೇಳಲಿಲ್ಲ (ಹೇಳುವ ಹೊತ್ತೂ ಅದಲ್ಲ). "ಕಾಣಿಸಿರಬಹುದು, ನನಗೆ ತಿಳಿಯದು, ನರಳಿದ ಲಕ್ಷಣವಂತೂ ಇರಲಿಲ್ಲ" ಎಂದೆ. ಆಕೆ ತಂದೆಯ ಕನ್ನಡಕವನ್ನು ಒರೆಸಿ, ಮಡಿಚಿ, ಚೀಲದೊಳಗೆ ಇಟ್ಟುಕೊಂಡರು.