ಬೆಳಗಿನ ತೂಕ

ಇಂದು ಬೆಳಿಗ್ಗೆ ಕಣಕಾಲಿನ ಮೇಲೆ ಹೆಬ್ಬೆರಳೊತ್ತಿ ತೆಗೆದಾಗ ಬಿದ್ದ ಕುಳಿ ಬಹಳ ಹೊತ್ತು ಹಾಗೆಯೇ ಉಳಿಯಿತು. ತೂಕವೂ ಮೂರು ದಿನಗಳಲ್ಲಿ 2 ಕಿಲೋ ಏರಿತ್ತು. ಅದು ಊಟದಿಂದ ಬಂದ ತೂಕವಲ್ಲ, ಮೈಯಲ್ಲಿ ನಿಂತ ನೀರು ಎಂಬುದು ಈಗ ನನಗೆ ಅರ್ಥವಾಗುತ್ತದೆ. ತಡಮಾಡದೆ ವೈದ್ಯರಿಗೆ ಕರೆ ಮಾಡಿದೆ.

ನನಗಿರುವುದು ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಎರಡು ಕೋಣೆಗಳು ಲಯಬದ್ಧವಾಗಿ ಸಂಕುಚಿಸುವ ಬದಲು ಸುಮ್ಮನೆ ಅದುರುತ್ತಿರುತ್ತವೆ, ಕೆಳಗಿನವು ಪೂರ್ತಿ ತುಂಬುವ ಮೊದಲೇ ಅವಸರದಲ್ಲಿ ಬಡಿಯುತ್ತವೆ. ಇದು ದೀರ್ಘಕಾಲ ನಡೆದರೆ ಹೃದಯ ದಣಿದು, ಹಿಂದೆ ಒತ್ತರಿಸಿದ ರಕ್ತದ ನೀರಿನಂಶ ಕಾಲುಗಳಿಗೂ ಶ್ವಾಸಕೋಶಗಳಿಗೂ ಜಿನುಗಬಹುದು. ನನಗೆ ಆದದ್ದು ಅದೇ.

ಕಾಲಿನ ಬಾವನ್ನು ಹೇಗೋ ಸಹಿಸಬಹುದು, ಉಸಿರಿನ ಕಷ್ಟವನ್ನು ಸಹಿಸುವುದು ಕಠಿಣ. ಅಂಗಾತ ಮಲಗಿದ ಕೆಲವೇ ನಿಮಿಷಗಳಲ್ಲಿ ಎದೆಯ ಮೇಲೆ ಯಾರೋ ಕುಳಿತಂತಾಗುತ್ತದೆ. ಎದ್ದು ಕುಳಿತು, ಮೂರು ದಿಂಬುಗಳಿಗೆ ಒರಗಿ, ಒಂದೊಂದೇ ಉಸಿರನ್ನು ಎಳೆದುಕೊಳ್ಳುವಾಗ, ಇಷ್ಟು ವರ್ಷ ಇದೇ ಕೆಲಸ ನನ್ನ ಅರಿವಿಗೇ ಬಾರದಂತೆ ನಡೆದಿತ್ತಲ್ಲ ಎಂದು ಬೆರಗಾಗುತ್ತದೆ. ಮೊದಮೊದಲು ಇದನ್ನೆಲ್ಲ ವಯಸ್ಸಿನ ದಣಿವೆಂದು ತಿಂಗಳುಗಟ್ಟಲೆ ಕಡೆಗಣಿಸಿದ್ದೆ; ಆ ತಪ್ಪಿಗಾಗಿ ಇಂದಿಗೂ ನೋವಿದೆ.

ವೈದ್ಯರು ನೀರು ಹೊರಹಾಕುವ ಮಾತ್ರೆಯನ್ನು ಕೆಲವು ದಿನ ಹೆಚ್ಚಿಸಿ, ಪೊಟ್ಯಾಸಿಯಂ ತಿಳಿಯಲು ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬಾರದೆಂದು ಮತ್ತೆ ಎಚ್ಚರಿಸಿದರು. ಈಗ ಕಾಲುಗಳನ್ನು ಎತ್ತರಿಸಿಕೊಂಡು ಕುಳಿತಿದ್ದೇನೆ. ಕಾಲುಚೀಲದ ಗೆರೆ ಇನ್ನೂ ಮಾಸಿಲ್ಲ.