ಕಣಿಯ ಮುಂದಿನ ದೋಸೆ

ನನ್ನ ತವರು ಶ್ರೀರಂಗಪಟ್ಟಣದ ಕಡೆ. ತುಲಾ ಮಾಸ ಬಂತೆಂದರೆ ಅವ್ವ ನಸುಕಿಗೇ ಎಬ್ಬಿಸಿ ಪಶ್ಚಿಮವಾಹಿನಿಗೆ ಕರೆದೊಯ್ಯುತ್ತಿದ್ದಳು. ಕಾವೇರಿ ಅಂದರೆ ಆಗ ನನಗೆ ಎದೆಮಟ್ಟದ ನೀರು, ಮೂರು ಮುಳುಗು, ಮನೆಗೆ ಬಂದ ಮೇಲೆ ಬಿಸಿ ಮುದ್ದೆ. ಮದುವೆಯಾಗಿ ಕೊಡಗಿನ ಭಾಗಮಂಡಲದ ಹತ್ತಿರ ಬಂದ ಮೇಲೆ ಅದೇ ತಾಯಿಯನ್ನು ಅವಳು ಹುಟ್ಟುವ ತಲಕಾವೇರಿಯಲ್ಲಿ, ಬ್ರಹ್ಮಗಿರಿಯ ಮಡಿಲ ಕುಂಡಿಕೆಯೆಂಬ ಪುಟ್ಟ ಕೊಳದಲ್ಲಿ ಕಂಡೆ. ಕಣ್ಣು ತುಂಬಿ ಬಂತು. ಇಷ್ಟು ಚಿಕ್ಕವಳಾ ಇವಳು!

ಅಕ್ಟೋಬರ್ 17ರ ಹೊತ್ತಿಗೆ ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲಿ, ಕುಂಡಿಕೆಯಲ್ಲಿ ನೀರುಕ್ಕುವ ತೀರ್ಥೋದ್ಭವ. ಒಂದು ವರ್ಷ ನಡುರಾತ್ರಿ, ಇನ್ನೊಂದು ವರ್ಷ ಹಾಡುಹಗಲು. ಮೊದಲು ಭಾಗಮಂಡಲದ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಮಂಜಿನಲ್ಲಿ ಬೆಟ್ಟ ಹತ್ತಿ ಹೋದವರು ತೀರ್ಥ ತರುತ್ತಾರೆ. ನಾನೂ ಹೋಗಿದ್ದೇನೆ. ಆದರೆ ನನಗೆ ನಿಜವಾದ ಸಂಕ್ರಮಣ ಮರುದಿನದ ಬೆಳಗು, ಒಲೆಯ ಮುಂದೆ.

ಅತ್ತೆ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ತಮ್ಮದೇ ಸರ ತೊಡಿಸಿ, ಅಕ್ಕಿ ಹರವಿದ ತಟ್ಟೆಯಲ್ಲಿ ಬಳೆ, ವೀಳ್ಯದೆಲೆ, ಅಡಕೆ ಜೊತೆ ಕೂರಿಸುತ್ತಿದ್ದರು. ಅದೇ ಕಣಿ, ಕಾವೇರಮ್ಮ. ಎಲ್ಲರೂ ಅಕ್ಕಿಕಾಳು ಹಾಕಿ ಅಡ್ಡಬೀಳುತ್ತೇವೆ. ಆಮೇಲೆ ದೋಸೆ, ಕುಂಬಳಕಾಯಿ ಪಲ್ಯ.

ಕೊಡಗಿನ ಒಲೆ ಮಳೆಯ ಮಾತು ಕೇಳಿ ಉರಿಯುತ್ತದೆ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಕಣಿಲೆ ಅನ್ನುವ ಎಳೆ ಬಿದಿರು, ಕೆಸ, ಅಣಬೆ, ಏಡಿ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಹಂದಿ ಕರಿ, ಅಕ್ಕಿತರಿಯ ಉಂಡೆ ಕಡಂಬಿಟ್ಟು. ಹಂದಿ ಕರಿಗೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯನ್ನು ಇಲ್ಲಿಗೆ ಬಂದ ಮೇಲೆಯೇ ನಾನು ಕಂಡದ್ದು. ಹಣ್ಣು ಕೊಳೆಸಿ ಇಳಿಸಿದ ರಸವನ್ನು ಗಟ್ಟಿಯಾಗುವವರೆಗೆ ಕುದಿಸುತ್ತಾರೆ, ಒಂದು ಹನಿ ನಾಲಿಗೆಗಿಟ್ಟರೆ ಕಿವಿಯವರೆಗೂ ಜುಮ್ಮೆನ್ನುತ್ತದೆ. ಸಂಕ್ರಮಣದ ದಿನ ಮಾತ್ರ ಆ ಬಾಟಲಿ ಮುಚ್ಚಿಯೇ ಇರುತ್ತದೆ. ನಮ್ಮ ಮನೆಯಲ್ಲಿ ಅಂದು ಮಾಂಸವಿಲ್ಲ.

ಮೊದಲ ವರ್ಷ ನಾನು ತವರಿನ ರೂಢಿಯಲ್ಲಿ ಕುಂಬಳಕಾಯಿಗೆ ಹುಣಸೆ ಕಿವುಚಿ, ಖಾರದಪುಡಿ ಸುರಿದುಬಿಟ್ಟೆ. ಅತ್ತೆ ಬೈಯಲಿಲ್ಲ. ಪಾತ್ರೆ ಪಕ್ಕಕ್ಕಿಟ್ಟು, ಇನ್ನೊಂದು ಹೋಳು ಕುಂಬಳಕಾಯಿ ನನ್ನ ಕೈಗೆ ಕೊಟ್ಟರು.

"ಇವತ್ತು ಬರೋದು ಹೆಣ್ಣುಮಗಳು ಕಣೇ. ದೂರ ಹೋಗಬೇಕು ಅವಳು. ಬೆಲ್ಲ ಹಾಕು."

ಆ ಮಾತು ನನ್ನೊಳಗೆ ಇಳಿಯಿತು. ನಾನೂ ದೂರದಿಂದ ಬಂದ ಹೆಣ್ಣುಮಗಳೇ ಅಲ್ಲವೇ! ಅಂದಿನಿಂದ ಪಲ್ಯಕ್ಕೆ ಸಾಸಿವೆ, ಎರಡೇ ಒಣಮೆಣಸು, ಬೆಲ್ಲ, ಕಾಯಿತುರಿ. ಮೂರನೇ ವರ್ಷ ಅವ್ವನ ಕೈರುಚಿಯ ಹುರಿದೆಳ್ಳಿನ ಪುಡಿಯನ್ನು ಅಂಜುತ್ತಲೇ ಚಿಟಿಕೆ ಉದುರಿಸಿದೆ. ಮರುವರ್ಷ "ಎಳ್ಳು ಹುರಿದೆಯಾ?" ಎಂದು ಅತ್ತೆಯೇ ಕೇಳಿದರು. ಈಗ ಅವರಿಲ್ಲ. ಎಳ್ಳು ಉಳಿದಿದೆ, ಬೆಲ್ಲವೂ.

ದೋಸೆ ಗರಿಗರಿ ಆಗಬಾರದು, ಮೆತ್ತಗಿರಬೇಕು. ಅದಕ್ಕೆ ನೆನೆಸಿದ ಅಕ್ಕಿಯ ಜೊತೆ ಒಂದು ಹಿಡಿ ಅನ್ನ ರುಬ್ಬುತ್ತೇನೆ. ಮೊದಲ ದೋಸೆ ಬಾಳೆಲೆಯ ಮೇಲೆ, ಕಣಿಯ ಮುಂದೆ. ಬಿಸಿಗೆ ಎಲೆ ಬಾಡಿ ಹಸಿರು ವಾಸನೆ ಏಳುತ್ತದೆ, ಆವಿ ರೇಷ್ಮೆಯ ಅಂಚನ್ನು ಸವರಿ ಮೇಲೆ ಹೋಗುತ್ತದೆ. ಆ ಆವಿ ಅಡಗುವವರೆಗೆ ಯಾರೂ ಮಾತಾಡುವುದಿಲ್ಲ.

ಆಮೇಲೆ ಅವ್ವನಿಗೆ ಫೋನ್ ಮಾಡುತ್ತೇನೆ. ಈ ವಯಸ್ಸಿನಲ್ಲೂ ಮಿಂದು ಬಂದು, ಒದ್ದೆ ತಲೆಯಲ್ಲೇ ಮಾತಾಡುತ್ತಾಳೆ. ನೀರು ತುಂಬ ತಣ್ಣಗಿತ್ತು ಅನ್ನುತ್ತಾಳೆ. ನಾವಿಲ್ಲಿ ಕುಂಡಿಕೆಯಲ್ಲಿ ಕಂಡ ನೀರು ಅವಳನ್ನು ಮುಟ್ಟಲು ಇನ್ನೂ ಕನ್ನಂಬಾಡಿ ದಾಟಬೇಕು.